ಶುಕ್ರವಾರ ಸಂಜೆಯ ಲೆಕ್ಕ

"ಕೆಲಸಕ್ಕೆ ಊರು ಬಿಡ್ತಾರೆ, ಮದುವೆಯಾಗಿ ಊರು ಬಿಡ್ತಾರೆ. ಟೆಂಟ್ ಹಾಕ್ಕೊಂಡು ಮಲಗಕ್ಕೆ ಊರು ಬಿಡೋರನ್ನ ನಾನು ನೋಡಿಲ್ಲ ಮಾರಾಯ" ಎಂದು ಅಮ್ಮ ಫೋನಿನಲ್ಲಿ ನಕ್ಕರು. ಅಮೆರಿಕದಲ್ಲೇ ಬೆಟ್ಟ, ಕಾಡು ಹತ್ತಿರ ಇರುವ ಬೇರೆ ಊರಿಗೆ ಮನೆ ಬದಲಿಸುತ್ತೇವೆ ಎಂದು ನಾನು ಆಗಷ್ಟೇ ಹೇಳಿದ್ದೆ. ಹಿಂದಿನಿಂದ ಅಪ್ಪನ ದನಿ ಬಂತು: "ನಾವು ಮಾಳದಲ್ಲಿ ಮಲಗ್ತಿದ್ವಲ್ಲ, ಅದಕ್ಕೆ ಯಾರೂ ದುಡ್ಡು ಕೇಳ್ತಿರಲಿಲ್ಲ."

ತೀರ್ಥಹಳ್ಳಿ ಕಡೆಯವರಿಗೆ ಮಾಳ ಅಂದರೆ ಗೊತ್ತು. ಭತ್ತ ತೆನೆ ಬಿಟ್ಟಾಗ ಹಂದಿ ಕಾಯಲು ಗದ್ದೆ ಅಂಚಿನಲ್ಲಿ ಕಟ್ಟುವ ಅಟ್ಟ. ಮೇಲೆ ಸೋಗೆ, ಕೆಳಗೆ ಬೆಂಕಿ. ಕಂಬಳಿ, ಬ್ಯಾಟರಿ, ಬಡಿಯಲು ಒಂದು ಡಬ್ಬ. ಚಿಕ್ಕವನಿದ್ದಾಗ ರಜೆಯಲ್ಲಿ ಅಪ್ಪನ ಜೊತೆ ಅಲ್ಲಿ ಮಲಗುತ್ತಿದ್ದೆ. ನನ್ನ ಹುಚ್ಚು ಶುರುವಾಗಿದ್ದು ಅಲ್ಲೇ ಇರಬೇಕು.

ಆಗ ನಾವಿದ್ದದ್ದು ಟೆಕ್ಸಾಸ್‌ನಲ್ಲಿ, ಡಾಲಸ್ ಪಕ್ಕದ ಪ್ಲೇನೋದಲ್ಲಿ. ಐದು ವರ್ಷ ಇದ್ದೆವು. ಸುಖಕ್ಕೇನೂ ಕಡಿಮೆ ಇರಲಿಲ್ಲ. ದೇವಸ್ಥಾನ, ಕನ್ನಡ ಸಂಘ, ರಾತ್ರಿ ಹತ್ತಕ್ಕೂ ಸಿಗುವ ಮಸಾಲೆ ದೋಸೆ, ಎಲ್ಲಾ ಇತ್ತು. ಇಲ್ಲದ್ದು ಬೆಟ್ಟ. ಬೆಟ್ಟ ಹೋಗಲಿ, ಹೋಗಿ ಕೂರಲು ಯಾರದೂ ಅಲ್ಲದ ಒಂದು ತುಂಡು ಜಾಗವೂ ಇಲ್ಲ. ಟೆಕ್ಸಾಸ್ ಅಷ್ಟು ದೊಡ್ಡ ರಾಜ್ಯ, ಆದರೆ ಅದರಲ್ಲಿ ಕೇಂದ್ರ ಸರ್ಕಾರದ ನೆಲ ನೂರಕ್ಕೆ ಎರಡು ಭಾಗವೂ ಇಲ್ಲ. ಉಳಿದದ್ದು ಹೆಚ್ಚೂಕಡಿಮೆ ಪೂರ್ತಿ ಖಾಸಗಿ. ದಾರಿಯುದ್ದಕ್ಕೂ ಬೇಲಿ. ನಾನು ಬರುವ ಮೊದಲು ಇದನ್ನು ಯಾರೂ ಹೇಳಿರಲಿಲ್ಲ. ಅಮೆರಿಕ ಅಂದರೆ ಎಲ್ಲಿ ಬೇಕಾದರೂ ಕಾಡು ಅಂದುಕೊಂಡು ಬಂದವನು ನಾನು.

ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ ಅದೇ ರಾಜ್ಯದಲ್ಲಿದೆ. ನಮ್ಮ ಮನೆಯಿಂದ ಒಂಬತ್ತು ಗಂಟೆ ಡ್ರೈವ್. ಕೊಲರಾಡೋಗೆ ಹದಿಮೂರು, ಹದಿನಾಲ್ಕು. ವರ್ಷಕ್ಕೆ ಎರಡು ಸಲ ರಜೆ ಹಾಕಿ, ಮಗಳನ್ನು ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಓಡುವುದು, ಬಂದು ಮೂರು ದಿನ ಬೆನ್ನು ಹಿಡಿದುಕೊಂಡು ಕೂರುವುದು. ಇದಾಗಿತ್ತು ನಮ್ಮ ಸಾಹಸ.

ಕಂಪನಿಯವರು ಒಮ್ಮೆ, ಡೆನ್ವರ್, ಸಿಯಾಟಲ್, ಸಾಲ್ಟ್ ಲೇಕ್ ಸಿಟಿ ಮೂರರಲ್ಲಿ ಎಲ್ಲಿ ಬೇಕಾದರೂ ಹೋಗಬಹುದು ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಎಚ್‌-1ಬಿ ಎಂಬ ಕೆಲಸದ ವೀಸಾದವರಿಗೆ ಊರು ಬದಲಿಸುವುದು ಸುಮ್ನೆ ಸಾಮಾನು ಕಟ್ಟುವ ಕೆಲಸ ಅಲ್ಲ. ಬೇರೆ ನಗರ ಪ್ರದೇಶಕ್ಕೆ ಹೋಗುವುದಾದರೆ ಕಂಪನಿ ಮೊದಲೇ ತಿದ್ದುಪಡಿ ಅರ್ಜಿ ಹಾಕಬೇಕು. ಗ್ರೀನ್ ಕಾರ್ಡಿನ ಕೆಲಸ ಯಾವ ಹಂತದಲ್ಲಿದೆ ಅನ್ನುವುದನ್ನೂ ವಕೀಲರ ಹತ್ತಿರ ಕೇಳಿಕೊಳ್ಳಬೇಕು. ಇದನ್ನು ಮುಗಿಸಿಕೊಂಡೇ ಬೆಟ್ಟದ ವಿಷಯಕ್ಕೆ ಬಂದೆವು. ನೀವೂ ಈ ಯೋಚನೆಯಲ್ಲಿದ್ದರೆ ಇದೇ ಕ್ರಮದಲ್ಲಿ ಹೋಗಿ. ಟೆಂಟ್ ಆಮೇಲೆ ಕೊಂಡರೂ ಆಗುತ್ತೆ.

ಅದೃಷ್ಟಕ್ಕೆ ಮಗಳು ಆ ವರ್ಷ ನಾಲ್ಕನೇ ಕ್ಲಾಸು. ಇಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ರಾಷ್ಟ್ರೀಯ ಉದ್ಯಾನಗಳ ಪಾಸು ಒಂದು ವರ್ಷ ಉಚಿತ. ಜೊತೆಗೆ ಕಾರಿನಲ್ಲಿ ಬಂದ ಮನೆಯವರಿಗೂ ಪ್ರವೇಶ. ಇಲ್ಲವಾದರೆ ವರ್ಷದ ಪಾಸಿಗೆ ಆಗ 80 ಡಾಲರ್ ಇತ್ತು. ಆ ಒಂದು ವರ್ಷ ಅವಳೇ ನಮ್ಮ ಯಜಮಾನಿ. ಗೇಟಿನಲ್ಲಿ ಪಾಸು ತಾನೇ ತೋರಿಸಬೇಕು ಎಂದು ಕಿಟಕಿಯಿಂದ ಅರ್ಧ ಹೊರಗೆ ಬರುತ್ತಿದ್ದಳು.

ನನ್ನ ಹೆಂಡತಿ ಒಂದು ಷರತ್ತು ಹಾಕಿದಳು. ಊರನ್ನು ಅದರ ಒಳ್ಳೆಯ ತಿಂಗಳಲ್ಲಿ ನೋಡಬಾರದು, ಕೆಟ್ಟ ತಿಂಗಳಲ್ಲಿ ನೋಡಬೇಕು. "ಹೆಣ್ಣು ನೋಡಕ್ಕೆ ಹೋದಾಗ ಎಲ್ಲರ ಮನೇಲೂ ಕೇಸರಿಬಾತ್ ಚೆನ್ನಾಗೇ ಇರುತ್ತೆ" ಎಂದಳು. ನಾನು ಸುಮ್ಮನಾದೆ. ಅವರ ಮನೆಯ ಕೇಸರಿಬಾತ್ ನೆನಪಿತ್ತು.

ಹಾಗಾಗಿ ಸಿಯಾಟಲ್‌ಗೆ ಹೋಗಿದ್ದು ನವೆಂಬರ್‌ನಲ್ಲಿ. ಒಂದೇ ರಾಜ್ಯದಲ್ಲಿ ರೇನಿಯರ್, ಒಲಿಂಪಿಕ್, ನಾರ್ತ್ ಕ್ಯಾಸ್ಕೇಡ್ಸ್ ಅಂತ ಮೂರು ರಾಷ್ಟ್ರೀಯ ಉದ್ಯಾನ. ಸಮುದ್ರ, ಹಿಮನದಿ, ಕಾಡು ಎಲ್ಲವೂ ಒಂದು ದಿನದ ದಾರಿಯೊಳಗೆ. ಕಾಗದದ ಮೇಲೆ ಇದನ್ನು ಮೀರಿಸುವ ಊರಿಲ್ಲ. ನಾವು ಒಲಿಂಪಿಕ್‌ನ ಹೋ ಮಳೆಕಾಡಿನಲ್ಲಿ ಟೆಂಟ್ ಹಾಕಿದೆವು. ಪಾಚಿ ಅಂದರೆ ಪಾಚಿ, ಕೊಂಬೆಗಳಿಂದ ಗಡ್ಡದ ಹಾಗೆ ಇಳಿಬಿದ್ದಿತ್ತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಾಗ. ಆಗುಂಬೆಯಲ್ಲಿ ಅದರ ಎರಡರಷ್ಟು ಬೀಳುತ್ತದೆ, ಇದೇನು ಮಹಾ ಎಂದು ನಾನು ಕೊಚ್ಚಿಕೊಂಡೆ. ರಾತ್ರಿ ಎರಡಕ್ಕೆ ನೀರು ಒಳಗೆ ಬಂತು. ಟೆಂಟಿನ ಮೇಲ್ಹೊದಿಕೆಯ ಹಗ್ಗ ನಾನು ಎಳೆದು ಕಟ್ಟಿರಲಿಲ್ಲ, ಅದು ಒಳಗಿನ ಬಟ್ಟೆಗೆ ಅಂಟಿಕೊಂಡು ಜಿನುಗಿತ್ತು. ಉಳಿದ ರಾತ್ರಿ ಮೂವರೂ ಕಾರಿನಲ್ಲಿ ಕುಳಿತೆವು.

ಮಳೆಗೆ ಹೆದರಿ ಸಿಯಾಟಲ್ ಬಿಟ್ಟೆವು ಅಂದುಕೊಳ್ಳಬೇಡಿ. ನಗರದಲ್ಲಿ ಬೀಳುವ ಮಳೆ ನಮ್ಮ ಮಲೆನಾಡಿನ ಮುಂದೆ ಏನೂ ಅಲ್ಲ, ಬರೀ ಸೋನೆ. ಆದರೆ ಅಕ್ಟೋಬರ್‌ನಿಂದ ಮೇ ತನಕ ಆಕಾಶ ಬೂದಿ ಬಣ್ಣ. ಎತ್ತರದ ಹಾದಿಗಳಲ್ಲಿ ಜುಲೈವರೆಗೂ ಹಿಮ. ಒಣಗಿದ ಎರಡು ಮೂರು ತಿಂಗಳು ಸಿಕ್ಕಿತು ಅನ್ನುವಷ್ಟರಲ್ಲಿ ಕೆಲವು ವರ್ಷ ಕಾಳ್ಗಿಚ್ಚಿನ ಹೊಗೆ. ಅಲ್ಲಿರುವ ನನ್ನ ಗೆಳೆಯ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ, ಮಳೆಯಲ್ಲೇ ಚಾರಣ ಮಾಡುತ್ತಾನೆ. ಅವನ ಊರು ಅವನಿಗೆ ಸರಿ.

ಡೆನ್ವರ್ ವಿಷಯ ಬೇರೆ. ಅಲ್ಲಿ ಎಲ್ಲವೂ ಇದೆ, ಜನವೂ ಇದ್ದಾರೆ. ನಾವು ಹೋಗಿದ್ದು ಜುಲೈನಲ್ಲಿ. ಬೆಟ್ಟದ ಅತ್ಯಂತ ಸುಂದರ ತಿಂಗಳು, ಆದ್ದರಿಂದಲೇ ಅತ್ಯಂತ ಕೆಟ್ಟದ್ದು. ರಾಕಿ ಮೌಂಟನ್ ಉದ್ಯಾನಕ್ಕೆ ನಗರದಿಂದ ಒಂದೂವರೆ ಗಂಟೆ, ಸರಿ. ಆದರೆ ಕ್ಯಾಂಪ್ ಜಾಗ ಆರು ತಿಂಗಳ ಮೊದಲೇ ಬುಕ್ ಆಗಬೇಕು. ಬುಕಿಂಗ್ ತೆರೆಯುವ ನಿಮಿಷಕ್ಕೇ ಬೆರಳು ಗುಂಡಿಯ ಮೇಲಿರಬೇಕು, ಥೇಟ್ ನಮ್ಮ ತತ್ಕಾಲ್ ಟಿಕೆಟ್. ಅದೂ ಸಾಲದೆಂದು ಬೇಸಿಗೆಯಲ್ಲಿ ಗೇಟಿನೊಳಗೆ ಕಾರು ಹೋಗಲು ಬೇರೆ ಸಮಯದ ಟಿಕೆಟ್. ಜೊತೆಗೆ ಮಧ್ಯಾಹ್ನದ ಸಿಡಿಲು. ಮರಗಳು ಮುಗಿದು ಬರೀ ಬಂಡೆ ಶುರುವಾಗುವ ಎತ್ತರದಿಂದ ಹನ್ನೆರಡರೊಳಗೆ ಇಳಿದುಬಿಡಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾವು ಒಂದು ದಿನ ಹನ್ನೆರಡೂವರೆಗೆ ಇನ್ನೂ ಮೇಲಿದ್ದೆವು. ಮಗಳ ಕೂದಲು ನೆಟ್ಟಗೆ ನಿಲ್ಲಲು ಶುರುವಾಯಿತು. ಅವಳಿಗೆ ನಗು. ನಮಗೆ ಕೈಕಾಲು ತಣ್ಣಗಾಯಿತು. ಹೇಗೆ ಓಡಿ ಇಳಿದೆವೋ ಗೊತ್ತಿಲ್ಲ.

ಆದರೂ ಡೆನ್ವರ್ ಕೈಬಿಟ್ಟಿದ್ದು ಸಿಡಿಲಿನಿಂದಲ್ಲ, ಭಾನುವಾರ ಸಂಜೆಯ ಹೆದ್ದಾರಿಯಿಂದ. ಬೆಟ್ಟದ ಕಡೆ ಹೋದವರಲ್ಲಿ ಹೆಚ್ಚಿನವರು ಐ-70 ಒಂದರಲ್ಲೇ ನಗರಕ್ಕೆ ವಾಪಸ್ಸು ಬರುತ್ತಾರೆ. 11,000 ಅಡಿ ಎತ್ತರದಲ್ಲಿ ಐಸೆನ್‌ಹವರ್ ಸುರಂಗ, ಅದರ ಮುಂದೆ ಕಣ್ಣು ಹಾಯುವ ತನಕ ಕೆಂಪು ದೀಪ. ಒಂದೂಕಾಲು ಗಂಟೆಯ ದಾರಿಗೆ ನಮಗೆ ಮೂರೂವರೆ ಗಂಟೆ ಹಿಡಿಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ ಬಿಟ್ಟು ಇಷ್ಟು ದೂರ ಬಂದಿದ್ದು ಇದಕ್ಕಾ ಅನ್ನಿಸಿತು.

ಆ ಸುರಂಗದ ಮುಂದೆ ನಿಂತಾಗಲೇ ನನಗೆ ಬೇಕಾದ ಲೆಕ್ಕ ಸಿಕ್ಕಿದ್ದು. ನಾವು ಇಷ್ಟು ದಿನ ತಪ್ಪು ಪ್ರಶ್ನೆ ಕೇಳುತ್ತಿದ್ದೆವು. ಎಲ್ಲಿ ಬೆಟ್ಟ ಎತ್ತರ, ಎಲ್ಲಿ ಜಾಗ ಚೆನ್ನ ಅಂತ. ಕೇಳಬೇಕಾಗಿದ್ದು ಒಂದೇ. ಶುಕ್ರವಾರ ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ ಟೆಂಟಿನ ಮೊದಲ ಗೂಟ ಎಷ್ಟು ಗಂಟೆಗೆ ನೆಲಕ್ಕೆ ಹೋಗುತ್ತದೆ? ಅದೂ ಮೊದಲೇ ಬುಕ್ ಮಾಡದೆ. ಡಾಲಸ್‌ನಲ್ಲಿ ಉತ್ತರ ಶನಿವಾರ ಮಧ್ಯಾಹ್ನ. ಡೆನ್ವರ್‌ನಲ್ಲಿ ರಾತ್ರಿ ಹತ್ತು, ಜಾಗ ಸಿಕ್ಕಿದರೆ. ಸಾಲ್ಟ್ ಲೇಕ್ ಸಿಟಿಯಲ್ಲಿ ಆರೂವರೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತಕ್ಕೆ. ಅಂದರೆ ಒಲೆ ಹಚ್ಚಿ, ಊಟ ಮಾಡಿ, ತಟ್ಟೆ ತೊಳೆದರೂ ಇನ್ನೂ ಬೆಳಕಿರುತ್ತದೆ.

ಸಾಲ್ಟ್ ಲೇಕ್‌ಗೆ ಎರಡು ಸಲ ಹೋಗಿದ್ದೆವು. ಮೊದಲ ಸಲ ಜನವರಿಯಲ್ಲಿ, ಷರತ್ತಿನ ಪ್ರಕಾರ. ಊರು ಕಾಣಲೇ ಇಲ್ಲ. ಬೆಟ್ಟಗಳ ನಡುವಿನ ಬಟ್ಟಲಿನಂಥ ಕಣಿವೆ ಅದು. ಚಳಿಗಾಲದಲ್ಲಿ ತಣ್ಣನೆ ಗಾಳಿ ತಳದಲ್ಲಿ ಕೂರುತ್ತದೆ, ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ. ಕಾರು, ಕಾರ್ಖಾನೆ, ಮನೆಗಳ ಹೊಗೆಯೆಲ್ಲ ಒಳಗೇ. ಒಂದು ಬಿರುಗಾಳಿ ಬಂದು ಗುಡಿಸುವವರೆಗೂ ಹಾಗೇ. ಧೂಳಿನ ಅಲರ್ಜಿ ಇರುವ ನಾನು ಎರಡನೇ ದಿನಕ್ಕೆ ಕೆಮ್ಮುತ್ತಿದ್ದೆ. ಇದರ ಮೇಲೆ ಊರಿಗೆ ಹೆಸರು ಕೊಟ್ಟ ಉಪ್ಪಿನ ಸರೋವರ 2022ರಲ್ಲಿ ದಾಖಲೆಯ ಮಟ್ಟಕ್ಕೆ ಇಳಿದಿತ್ತು. ಒಣಗಿದ ತಳದ ಧೂಳಿನಲ್ಲಿ ಆರ್ಸೆನಿಕ್ ಇದೆ. ಇಂಥ ಊರು ಬೇಡ ಎಂದು ಗೆರೆ ಎಳೆದಾಗಿತ್ತು. ಮೂರನೇ ದಿನ ಬೇಜಾರಿಗೆ ಲಿಟಲ್ ಕಾಟನ್‌ವುಡ್ ಕಣಿವೆಯ ರಸ್ತೆ ಹತ್ತಿದೆವು. ಅರ್ಧ ಗಂಟೆ. ಮಂಜಿನ ಪದರ ದಾಟಿದ ಕೂಡಲೇ ನೀಲಿ ಆಕಾಶ, ಕಣ್ಣು ಕುಕ್ಕುವ ಬಿಸಿಲು. ಕೆಳಗೆ ಊರಿನ ಬದಲು ಬಿಳಿ ಮೋಡದ ಕೆರೆ. ಕೊಡಚಾದ್ರಿಯಲ್ಲಿ ಬೆಳಗ್ಗೆ ಕಾಣುತ್ತಲ್ಲ, ಹಾಗೆ. ಎಳೆದ ಗೆರೆಯನ್ನು ಸ್ವಲ್ಪ ಅಳಿಸಿದೆವು.

ಎರಡನೇ ಸಲ ಏಪ್ರಿಲ್‌ನಲ್ಲಿ, ಮರುಭೂಮಿಗೆ. ಸಾಲ್ಟ್ ಲೇಕ್ ಇರುವ ಯೂಟಾ ರಾಜ್ಯದ ನೆಲದಲ್ಲಿ ನೂರಕ್ಕೆ 63 ಭಾಗ ಕೇಂದ್ರ ಸರ್ಕಾರದ್ದು. ಅದರಲ್ಲಿ ಬಹಳಷ್ಟು ಬಿಎಲ್ಎಂ ಅನ್ನುವ ಭೂ ಇಲಾಖೆಯ ಕೈಯಲ್ಲಿದೆ. ಅಲ್ಲಿ ಹೆಚ್ಚಿನ ಕಡೆ, ಬೇಡ ಎಂದು ಫಲಕ ಹಾಕದ ಜಾಗಗಳಲ್ಲಿ, ಯಾರನ್ನೂ ಕೇಳದೆ, ಕಾಸು ಕೊಡದೆ ಟೆಂಟ್ ಹಾಕಬಹುದು. ಸಾಮಾನ್ಯವಾಗಿ 14 ದಿನದವರೆಗೆ. ನಲ್ಲಿ ಇಲ್ಲ, ಶೌಚಾಲಯ ಇಲ್ಲ, ಕಸದ ಡಬ್ಬಿ ಇಲ್ಲ. ಎಲ್ಲ ತರಬೇಕು, ಎಲ್ಲ ವಾಪಸ್ ಒಯ್ಯಬೇಕು. ಎಲ್ಲ ಅಂದರೆ ಎಲ್ಲ. ಕೆಲವು ಕಡೆ ಬೆಳಗಿನ ಆ ಕೆಲಸವನ್ನೂ ಅದಕ್ಕೆಂದೇ ಮಾರುವ ಚೀಲದಲ್ಲಿ ಕಟ್ಟಿಕೊಂಡು ಬರಬೇಕು. ಇದನ್ನು ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ.

ಸ್ಯಾನ್ ರಫೇಲ್ ಸ್ವೆಲ್ ಅನ್ನುವ ಕೆಂಪು ಬಂಡೆಗಳ ಸೀಮೆ. ಕಣ್ಣಿಗೆ ಕಾಣುವಷ್ಟು ದೂರ ಬೇಲಿ ಇಲ್ಲ. ಮಣ್ಣಿನ ಮೇಲೆ ಕಪ್ಪಗೆ, ಸುಟ್ಟ ರೊಟ್ಟಿಯ ಹಾಗೆ ಒಂದು ಹೊಪ್ಪಳೆ. ಅದು ಜೀವ ಇರುವ ಮಣ್ಣು. ಒಂದು ಹೆಜ್ಜೆ ಇಟ್ಟರೆ ಮತ್ತೆ ಕೂಡಲು ಹತ್ತಾರು ವರ್ಷ. ಮಗಳು ಎರಡು ದಿನ ಬಂಡೆಯಿಂದ ಬಂಡೆಗೆ ಹಾರಿಕೊಂಡೇ ಓಡಾಡಿದಳು. ಅಲ್ಲಿ ಭುಜ ತಾಗುವಷ್ಟು ಕಿರಿದಾದ ಕಣಿವೆಗಳಿವೆ. ಎಲ್ಲೋ ಇಪ್ಪತ್ತು ಮೈಲಿ ಆಚೆ ಮಳೆ ಬಿದ್ದರೂ ಇಲ್ಲಿ ನೀರು ನುಗ್ಗುತ್ತದೆ, ಅದಕ್ಕೆ ಹವಾಮಾನ ನೋಡದೆ ಒಳಗೆ ಕಾಲಿಡುವಂತಿಲ್ಲ. ರಾತ್ರಿ ಗಾಳಿ ಎದ್ದು ಅನ್ನದ ತುಂಬ ಮರಳು. ಆದರೆ ಊಟ ಬಿಟ್ಟು ತಲೆ ಎತ್ತಿದರೆ ಆಕಾಶಗಂಗೆ. ಮಾಳದ ರಾತ್ರಿಗಳ ನಂತರ ನಾನು ಅಷ್ಟು ನಕ್ಷತ್ರ ನೋಡಿರಲಿಲ್ಲ. "ಇಲ್ಲೇ ಅಲ್ವಾ?" ಎಂದು ಹೆಂಡತಿಯೇ ಮೊದಲು ಕೇಳಿದಳು. ಆದರೂ ಡೆನ್ವರ್ ಒಂದು ನೋಡೋಣ ಎಂದು ಹಠ ಹಿಡಿದವನು ನಾನು.

ಕೊನೆಗೆ ಸಾಲ್ಟ್ ಲೇಕ್ ಅನ್ನೇ ಆರಿಸಿಕೊಂಡು ಬಂದು ಈಗ ಎರಡು ವರ್ಷ. ನಮ್ಮ ಶುಕ್ರವಾರಗಳು ಹೆಚ್ಚಾಗಿ ಕಾಟನ್‌ವುಡ್ ಕಣಿವೆಗಳಲ್ಲಿ, ಇಲ್ಲವೇ ಒಂದೂವರೆ ಗಂಟೆ ದೂರದ ಯುಯಿಂಟಾ ಬೆಟ್ಟದ ಕೆರೆಗಳ ದಂಡೆಯಲ್ಲಿ. ಜುಲೈನಲ್ಲಿ ಅಲ್ಲಿನ ಸೊಳ್ಳೆ ಮಲೆನಾಡಿನ ಉಂಬಳಕ್ಕಿಂತ ಕಮ್ಮಿ ಅಲ್ಲ. ಮೊದಲ ಸಲ 10,000 ಅಡಿ ಎತ್ತರದಲ್ಲಿ ಬೇಳೆ ಬೇಯಲು ಇಟ್ಟೆ. ಒಂದು ಗಂಟೆ ಕುದಿಯಿತು, ಬೇಳೆ ಮಾತ್ರ ಕಲ್ಲು. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ, ಬೇಯಿಸುವಷ್ಟು ಬಿಸಿ ಆಗುವುದಿಲ್ಲ. ಈಗ ಮೂರು ಲೀಟರಿನ ಕುಕ್ಕರ್ ಟೆಂಟಿಗಿಂತ ಮೊದಲು ಡಿಕ್ಕಿಗೆ ಹೋಗುತ್ತದೆ. ಸಾರಿನ ಒಗ್ಗರಣೆ ಹಾಕಿದರೆ ಪಕ್ಕದ ಟೆಂಟಿನವರು ಎದ್ದು ಬರುತ್ತಾರೆ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅನ್ನುತ್ತಾರೆ, ಇಲ್ಲಿ ಆ ವಾಸನೆಗೆ ಕರಡಿ ಬರುವ ಭಯ. ಊಟ ಆದ ಮೇಲೆ ಪಾತ್ರೆ, ಚಟ್ನಿಪುಡಿ, ಹಲ್ಲುಪೇಸ್ಟು ಸಮೇತ ಎಲ್ಲ ಕಾರಿನೊಳಗೆ.

ಕಳೆದುಕೊಂಡದ್ದೂ ಇದೆ. ಇಲ್ಲಿ ನನಗೆ ಗೊತ್ತಿರುವ ಕನ್ನಡದ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಸೌತ್ ಜೋರ್ಡನ್‌ನಲ್ಲಿ ಗಣೇಶನ ಗುಡಿ ಇದೆ, ಹಬ್ಬಕ್ಕೆ ಅಲ್ಲೇ ಸೇರುತ್ತೇವೆ. ಮಗಳು ಡಾಲಸ್‌ನ ಗೆಳತಿಯರನ್ನು ನೆನೆದು ಮೊದಲ ಆರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಜನವರಿಯಲ್ಲಿ ನಾನು ಮಾಸ್ಕ್ ಹಾಕಿಕೊಂಡೇ ಆಫೀಸಿಗೆ ಹೋಗುತ್ತೇನೆ.

ಹೋದ ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಬಂದರು. ಅವರನ್ನು ಯೂಟಾದಲ್ಲೇ ಇರುವ ರಾಷ್ಟ್ರೀಯ ಉದ್ಯಾನ ಕ್ಯಾಪಿಟಲ್ ರೀಫ್‌ನ ಫ್ರೂಟಾಗೆ ಕರೆದುಕೊಂಡು ಹೋದೆವು. ಮೂರೂವರೆ ಗಂಟೆ ದಾರಿ. ಇದಕ್ಕೆ ಮಾತ್ರ ನಾನೂ ಆರು ತಿಂಗಳ ಮೊದಲೇ ಬುಕ್ ಮಾಡಿದ್ದೆ. ಕೆಂಪು ಗೋಡೆಗಳ ನಡುವೆ, ಹೊಳೆ ಪಕ್ಕ, 1880ರ ದಶಕದಲ್ಲಿ ಬಂದು ನೆಲೆಸಿದ ಮಾರ್ಮನ್ ಪಂಥದ ಕುಟುಂಬಗಳು ಶುರು ಮಾಡಿದ ಹಣ್ಣಿನ ತೋಟಗಳು. ಈಗ ಉದ್ಯಾನದವರೇ ನೋಡಿಕೊಳ್ಳುತ್ತಾರೆ. ಕಿತ್ತ ಹಣ್ಣು ತೋಟದಲ್ಲೇ ತಿಂದರೆ ಪುಕ್ಕಟೆ. ಮನೆಗೆ ಒಯ್ದರೆ ತಕ್ಕಡಿಯಲ್ಲಿ ತೂಗಿ, ಡಬ್ಬಿಗೆ ದುಡ್ಡು ಹಾಕಬೇಕು. ಅಪ್ಪ ಸೇಬಿನ ಮರಗಳ ಬುಡ ಮುಟ್ಟಿ ನೋಡಿದರು, ನೀರು ಬಿಡುವ ಕಾಲುವೆಯ ಉದ್ದಕ್ಕೂ ನಡೆದರು. "ಕಾವಲಿಗೆ ಯಾರೂ ಇಲ್ವನೋ?" ಎಂದು ಮೂರು ಸಲ ಕೇಳಿದರು. ಇಲ್ಲ ಅಂದರೂ ನಂಬಿಕೆ ಬರಲಿಲ್ಲ.

ಅಮ್ಮ ಟೆಂಟಿನ ಜಿಪ್ಪನ್ನು ಐದಾರು ಸಲ ಎಳೆದು ನೋಡಿ ಮಲಗಿದರು. ರಾತ್ರಿ ಒಂದೂವರೆ ಇರಬಹುದು. ಹೊರಗೆ ಸರಸರ ಸದ್ದು. ಅಲ್ಲಿ ಜಿಂಕೆಗಳು ಟೆಂಟುಗಳ ನಡುವೆಯೇ ಮೇಯುತ್ತವೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನು ಅದನ್ನು ಅಪ್ಪನಿಗೆ ಹೇಳಲು ಮರೆತಿದ್ದೆ. ನಾನು ಕಣ್ಣು ಬಿಡುವಷ್ಟರಲ್ಲಿ ಅಪ್ಪ ಬ್ಯಾಟರಿ ಹಿಡಿದು ಹೊರಗಿದ್ದರು. ಕೈಯಲ್ಲಿ ಕುಕ್ಕರಿನ ಮುಚ್ಚಳ ಮತ್ತು ಸೌಟು. "ಹೋ... ಹೋ... ಹೋ ಹೋ ಹೋ!" ಎಂದು ಕಣಿವೆ ಮೊಳಗುವಂತೆ ಕೂಗಿ ಢಣಢಣ ಬಡಿದರು. ಸುತ್ತಲಿನ ಟೆಂಟುಗಳಲ್ಲಿ ಒಂದೊಂದಾಗಿ ದೀಪ ಹತ್ತಿಕೊಂಡಿತು. ಒಳಗಿನಿಂದ ಅಮ್ಮ ನಿದ್ದೆಗಣ್ಣಲ್ಲೇ ಕೇಳಿದರು: "ಹಂದಿ ಹೋಯ್ತಾ?"