ಕೆರೆಕೋಲಿನ ಲೆಕ್ಕ: ಚಳಿ ಮುಗಿಯುವ ಹೊತ್ತಿಗೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನೋ ಮಾತು ಮೂಡಿಗೆರೆ ಕಡೆ ಈ ಸಲ ಅರ್ಧ ಮಾತ್ರ ನಿಜ. ಬೆಳಿಗ್ಗೆ ಏರಿ ಮೇಲೆ ನಡೆಯೋಕೆ ಇನ್ನೂ ಮಫ್ಲರ್ ಬೇಕು, ಹತ್ತು ಗಂಟೆಗೆಲ್ಲ ನೆತ್ತಿ ಸುಡುತ್ತೆ. ನಮ್ಮ ಕೆರೆ ಪಕ್ಕದ ನಾಲ್ಕಾರು ಮನೆಯವರಿಗೆ ಬೇಸಿಗೆ ಬಂದದ್ದು ಗೊತ್ತಾಗೋದು ಮೋಟರ್ ಸದ್ದಿನಿಂದ. ಹೂ ಅರಳಿಸುವ ಹೂಮಳೆಗೆ ಕಾಯದೆ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದರು ಅಂದರೆ ಚಳಿಗಾಲದ ಕಥೆ ಮುಗೀತು.

ಕೆರೆ ನೀರು ಅಳೆಯೋಕೆ ನಾನು ತೂಬಿನ ಪಕ್ಕ ನೆಟ್ಟ ಅಡಿಕೆ ದಬ್ಬೆ ಇನ್ನೂ ನಿಂತಿದೆ. ಭಾನುವಾರ ಅದರಲ್ಲಿ ನೀರಿನ ಮಟ್ಟ ನೋಡೋದು, ಏರಿ ಬದಿಯ ಮರಗಳನ್ನು ನೋಡೋದು, ಕಂಡ ಹಕ್ಕಿ ಬರೆಯೋದು. ಮರಗಳದ್ದು ಸೀಸನ್‌ವಾಚ್‌ಗೂ ಹೋಗುತ್ತೆ, ಮರಗಳ ಚಿಗುರು-ಹೂ-ಕಾಯಿ ಕಾಲವನ್ನು ಜನರೇ ಬರೆದು ಕಳಿಸೋ ಯೋಜನೆ ಅದು. ಅಲ್ಲಿ ಚಿಗುರು, ಹೂ, ಕಾಯಿ ಯಾವುದಕ್ಕೂ ‘ಇಲ್ಲ, ಸ್ವಲ್ಪ, ತುಂಬಾ’ ಅಂದರೆ ಸಾಕು. ಹಾಗಾಗಿ ಶಾಲೆ ಮಕ್ಕಳೂ ಬಂದು ಬರೆಸುತ್ತಾರೆ.

ಸಂಕ್ರಾಂತಿಯಿಂದ ಈಚೆಗೆ ನೀರು ವಾರಕ್ಕೆ ಒಂದು ಬೆರಳಷ್ಟೂ ಇಳಿದಿರಲಿಲ್ಲ. ಮೋಟರ್ ಇಳಿಸಿದ ವಾರ ಒಂದು ಗೇಣು ಹೋಯಿತು. ತೋಟದವರನ್ನು ಬೈಯೋದು ಸುಲಭ, ಆದರೆ ಅವರ ಕಷ್ಟವೂ ಸಣ್ಣದಲ್ಲ. ಒಣಗಿ ನಿಂತ ರೊಬಸ್ಟಾಗೆ ಒಮ್ಮೆಲೇ ಒಂದು ಇಂಚಿನ ಮೇಲೆ ನೀರು ಬೀಳಬೇಕು, ಮಳೆ ಅಳೆಯುವ ನಮ್ಮ ಲೆಕ್ಕದಲ್ಲಿ ಒಂದು ಇಂಚು ಅಂದರೆ 100 ಸೆಂಟ್ಸ್. 20 ಸೆಂಟ್ಸ್ ಹನಿದು ಮಳೆ ಕೈಕೊಟ್ಟರೆ ಮೊಗ್ಗು ಅರ್ಧಕ್ಕೇ ನಿಂತು ಕೆಡುತ್ತೆ. ಮಳೆಯೇ ಬರದಿದ್ದರೂ ಪರವಾಗಿಲ್ಲ, ಇಂಥ ಮಳೆ ಬೇಡ ಅನ್ನುತ್ತಾರೆ. ಸರಿಯಾಗಿ ನೀರು ಕುಡಿದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ರೊಬಸ್ಟಾಗೆ ತನ್ನದೇ ಪರಾಗ ಹಿಡಿಯೋದಿಲ್ಲ, ಬೇರೆ ಗಿಡದ್ದೇ ಆಗಬೇಕು. ಗಾಳಿ, ಜೇನು ಎರಡೂ ಬೇಕು. ಕೋಡಿ ಹತ್ತಿರದ ಬೂರುಗದಲ್ಲಿ ಹೆಜ್ಜೇನು ಬಂದು ಕಟ್ಟಿರೋದು ಅದಕ್ಕೇ ಖುಷಿ.

ಆ ಬೂರುಗದಲ್ಲಿ ಈಗ ಒಂದೆಲೆಯೂ ಇಲ್ಲ, ಬರೀ ಕೆಂಪು ಹೂ. ಕೆಂದಳಿಲು ಹೂವಿನ ಬುಡ ಕಚ್ಚಿ ಕೆಳಗೆ ಎಸೆಯುತ್ತೆ, ದಪ್ಪ ಎಸಳಿನ ಹೂ ನೆಲಕ್ಕೆ ಬಿದ್ದಾಗ ಟಪ್ ಅಂತ ಸದ್ದು. ಬೆಳಗಾಗುವಷ್ಟರಲ್ಲಿ ಅದನ್ನು ಕಾಡುಕುರಿ ಮೇದು ಹೋಗಿರುತ್ತೆ. ಕೆಸರಲ್ಲಿ ಗೊರಸಿನ ಗುರುತು ಇದೆ.

ನೀರು ಸರಿದಲ್ಲಿ ಕೆಸರು ತೆರೆದುಕೊಂಡು ಗದ್ದೆಗೊರವ ಹಕ್ಕಿಗಳಿಗೆ ಹಬ್ಬ. ಈ ಸಲ ನಾನು ಹೆಚ್ಚು ಹೊತ್ತು ಕೂತು ನೋಡಿದ್ದು ಬೂದು ಸಿಪಿಲೆ ಅನ್ನೋ ಹಕ್ಕಿಯನ್ನು. ಡಿಸೆಂಬರ್‌ನಲ್ಲಿ ಬೆಳ್ಳಗಿದ್ದ ಗಂಡಿನ ಗಂಟಲಲ್ಲಿ ಈಗ ಮಸಿ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು. ಹಿಮಾಲಯದ ಕಡೆ ಸಂಸಾರಕ್ಕೆ ಹೊರಡುವ ಮುಂಚೆ ಬಟ್ಟೆ ಬದಲಿಸುತ್ತಿದೆ. ಗಂಟಲು ಪೂರ್ತಿ ಕಪ್ಪಾಗೋದನ್ನು ಇಲ್ಲೇ ನೋಡ್ತೀನೋ, ಅಷ್ಟರಲ್ಲಿ ಹೊರಟುಬಿಡುತ್ತೋ ಅನ್ನೋ ಆತುರ ನನಗೆ.

ಪಕ್ಕದ್ಮನೆ ಗೌಡರು ಮೊದಲು ನಗ್ತಿದ್ದರು. “ಕೆರೆಗೇನು ಜ್ವರ ಬಂದಿದ್ಯಾ ಮಾರಾಯ, ಕಡ್ಡಿ ಇಟ್ಟು ನೋಡ್ತೀಯಲ್ಲ?” ಈ ತಿಂಗಳು ಅವರೇ ಹೋದ ವರ್ಷದ ನೀರಿನ ಲೆಕ್ಕದ ಪುಟ ಕೇಳಿ ತಗೊಂಡರು. ದಬ್ಬೆಯ ಕೆಂಪು ಗುರುತಿಗೆ ನೀರು ಇಳಿದ ಮೇಲೆ ಯಾರೂ ಮೋಟರ್ ಹಾಕಬಾರದು, ಉಳಿದದ್ದು ದನಕ್ಕೆ, ಕಾಡಿನ ಪ್ರಾಣಿಗೆ ಅಂತ ಮಾತಾಗಿದೆ. ನನ್ನ ಲೆಕ್ಕ ನೋಡಿಯೇ ಎಲ್ಲರೂ ಒಪ್ಪಿದರು ಅಂತ ಹೇಳಲಾರೆ. ಡೀಸೆಲ್ ರೇಟೂ ಒಂದು ಕಾರಣ.

ಮಾತು ಉಳಿಯಬೇಕಾದರೆ ಗುರುತೂ ಉಳಿಯಬೇಕು. ದಬ್ಬೆ ಇನ್ನೊಂದು ಮಳೆಗಾಲ ತಡೆಯೋದಿಲ್ಲ, ನೀರಿನ ಮಟ್ಟದಲ್ಲಿ ಆಗಲೇ ಮೆತ್ತಗಾಗಿದೆ. ಬೇಲಿಗೆ ಹಾಕುವಂಥ ಕಲ್ಲುಕಂಬ ತರಿಸಿ ಇಂಚಿನ ಗೆರೆ ಕೊರೆಸುವ ಯೋಚನೆ. ತೂಬಿನ ಬುಡದ ಹೂಳು ಏಪ್ರಿಲ್ ಹೊತ್ತಿಗೆ ಗಟ್ಟಿಯಾದರೆ ಆಗಲೇ ನೆಡೋದು. ಕಂಬ ಎತ್ತೋಕೆ ಮೂರು ನಾಲ್ಕು ಜನ ಬೇಕು, ಬರುವವರಿಗೆ ಅಕ್ಕಿರೊಟ್ಟಿ ಖಾತ್ರಿ. ಕಳಲೆ ಪಲ್ಯ ಮಾತ್ರ ಕೇಳಬೇಡಿ, ಅದು ಮಳೆಗಾಲದ ಮಾತು.