ಬೆಳ್ಳಗೆ ಕಂಡಿದ್ದೆಲ್ಲ ಕೇದಿಗೆ ಅಲ್ಲ

ಒಂದೇ ತಪ್ಪನ್ನ ಎರಡು ವರ್ಷ ಎರಡು ಥರ ಮಾಡಿದವನು ನಾನು. ಮೊದಲನೇ ವರ್ಷ ಮೆಕ್ಕೆಜೋಳ ಹಾಕಿ ಇಪ್ಪತ್ತು ದಿನ ಆಗಿತ್ತೋ ಏನೋ, ಹೊಲದಾಗೆ ಅಲ್ಲೊಂದು ಇಲ್ಲೊಂದು ಗಿಡ ಬಿಳಿಚ್ಕೊಂಡು ನಿಂತಿತ್ತು. ಫೋನಲ್ಲಿ ಫೋಟೋ ತೆಗ್ದು ಔಷಧಿ ಅಂಗಡಿಗೆ ಹೋದೆ, ಅವ್ರು ಫೋಟೋನ ಎರಡು ಸೆಕೆಂಡ್ ನೋಡಿ ಜಿಂಕ್ ಕಮ್ಮಿ ಆಗೈತೆ ಅಂತ ಜಿಂಕು, ಅದ್ರ ಜೊತೆಗೊಂದು ಟಾನಿಕ್ಕು ಕಟ್ಟಿ ಕೊಟ್ರು, ನಾನೂ ತಂದು ಹೊಡ್ದೆ. ಹದಿನೈದು ದಿನಕ್ಕೆ ಬಿಳಿ ಗಿಡ ಮೂರು ಪಟ್ಟಾದ್ವು. ಅದು ಕೇದಿಗೆ ರೋಗ ಆಗಿತ್ತು. ಮುಂದಿನ ವರ್ಷ ಮತ್ತೆ ಬಿಳಿ ಕಂಡ ಕೂಡ್ಲೇ ಎದೆ ಧಸಕ್ ಅಂತು, ಈ ಸಲ ಮೋಸ ಹೋಗಲ್ಲ ಅಂತ ಸೀದಾ ರೋಗದ ಔಷಧಿ ತಂದು ನಾಲ್ಕು ಎಕರೆಗೂ ಹೊಡ್ಸಿದೆ. ಅದು ಜಿಂಕ್ ಕೊರತೆ ಆಗಿತ್ತು!

ನಮ್ಮವ್ವ ಇವತ್ತಿಗೂ ಅದನ್ನ ಹೇಳ್ಕೊಂಡು ನಗ್ತಾಳೆ.

ದಾವಣಗೆರೆ ಸುತ್ತ ಮಸಾರಿ ಹೊಲ ಇರೋರಿಗೆ ಕೇದಿಗೆ ಹೊಸದೇನಲ್ಲ. ಎಲೆ ಕೇದಿಗೆ ಹೂವಿನ ಗರಿ ಥರ ಬಿಳಿ ಹಳದಿ ಆಗಿ ನೆಟ್ಟಗೆ ನಿಲ್ತದೆ, ಅದಕ್ಕೇ ಆ ಹೆಸರು. ಹಾಸನದ ಕಡೆ ಬಿಳಿಸುಳಿ ರೋಗ ಅಂತಾರೆ, 2025ರ ಮುಂಗಾರಲ್ಲಿ ಆ ಕಡೆ ಜೋರಾಗೇ ಬಂದಿತ್ತು. ಪುಸ್ತಕದಲ್ಲಿ ಬೂಜು ತುಪ್ಪಟ ರೋಗ ಅಂತ ಬರೆದಿರ್ತಾರೆ. ಆ ತುಪ್ಪಟ ಅನ್ನೋ ಪದದಲ್ಲೇ ಗುಟ್ಟೈತೆ, ನನಗೆ ಅರ್ಥ ಆಗಿದ್ದು ಮಾತ್ರ ದುಡ್ಡು ಕಳ್ಕೊಂಡ ಮೇಲೆ.

ಗುಟ್ಟು ಏನಪ್ಪಾ ಅಂದ್ರೆ ಹೊಲಕ್ಕೆ ಹೋಗೋ ಟೈಮು. ಈ ಬೂಜು ರಾತ್ರಿ ಹೊತ್ತು, ಇಬ್ಬನಿ ಬಿದ್ದು ಎಲೆ ಒದ್ದೆ ಇರೋವಾಗ ಬೆಳ್ಯೋದು. ಬೆಳಗ್ಗೆ ಬಿಸಿಲು ಏರೋಕೆ ಮುಂಚೆ ಹೋಗಿ ಎಲೆ ಮಗುಚಿ ಅಡಿಭಾಗ ನೋಡಿದ್ರೆ ಹಿಟ್ಟು ಉದುರಿಸಿದಂಗೆ ಬೆಳ್ಳನೆ ತುಪ್ಪಟ ಕಾಣ್ತದೆ, ಬೆರಳಿಂದ ಒರೆಸಿದ್ರೆ ಬರ್ತದೆ. ಹನ್ನೊಂದು ಗಂಟೆಗೆ ಟೀ ಕುಡ್ಕೊಂಡು ಗಾಡಿ ಹತ್ತಿ ಹೋಗಿ ನೋಡಿದ್ರೆ ಇಬ್ಬನಿ ಆರಿ ಅದು ಸರಿಯಾಗಿ ಕಾಣಂಗೇ ಇಲ್ಲ, ನಾನು ಫೋಟೋ ತೆಗ್ದಿದ್ದು ಅದೇ ಹೊತ್ತಲ್ಲಿ. ಜಿಂಕ್ ಕೊರತೆಗೆ ಅಡಿಯಲ್ಲಿ ಯಾವ ಬೂಜೂ ಇರಲ್ಲ. ಅಲ್ದೆ ಜಿಂಕಲ್ಲಿ ಎಳೇ ಎಲೆಯ ಬುಡದ ಕಡೆ, ನಡುದಿಂಡಿನ ಎರಡೂ ಬದಿಗೆ ಅಗಲ ಪಟ್ಟಿ ಥರ ಬೆಳ್ಳಗಾಗ್ತದೆ, ದಿಂಡು ಹಸಿರೇ ಇರ್ತದೆ, ಎಲೆ ಅಂಚೂ ಹಸಿರೇ. ಮತ್ತೆ ಅದು ತಗ್ಗು ಜಾಗ, ಬದುವಿನ ಮಗ್ಗುಲು, ಮೇಲ್ಮಣ್ಣು ಕೆರೆದು ಹೋದ ಕಡೆ ಗುಂಪು ಗುಂಪಾಗಿ ಕಾಣ್ತದೆ. ಕೇದಿಗೆ ಹಂಗಲ್ಲ, ಚೆನ್ನಾಗಿರೋ ಹತ್ತು ಗಿಡದ ಮಧ್ಯೆ ಒಂದು ಗಿಡಕ್ಕೆ ಬಂದಿರ್ತದೆ, ಎಲೆ ಸಣ್ಣಗೆ ಗಡುಸಾಗಿ ಮೇಲ್ಮುಖ ಮಾಡಿರ್ತವೆ, ಶುರುವಲ್ಲಿ ಒಂದೇ ಎಲೆಯಲ್ಲಿ ಅರ್ಧ ಬಿಳಿ ಅರ್ಧ ಹಸಿರು ಗೆರೆ ಹೊಡ್ದಂಗೆ ಇರ್ತದೆ. ಅಂಥ ಗಿಡ ದೊಡ್ಡದಾದ್ರೂ ತೆನೆ ಕಟ್ಟೋದು ಕಷ್ಟ, ಒಂದೊಂದ್ಸಲ ಸೂಲಂಗಿನೇ (ಗಿಡದ ತುದಿಲಿ ಬರೋ ಗಂಡು ಹೂವು) ಎಲೆಯಾಗಿ ಬಿಡ್ತದೆ.

ಒಮ್ಮೆ ಪೂರ್ತಿ ಬಿಳಿ ಆದ ಗಿಡಕ್ಕೆ ಏನು ಹೊಡೆದ್ರೂ ತೆನೆ ಬರಲ್ಲ. ಕಿತ್ತು ಸುಡೋದೊಂದೇ ದಾರಿ, ಇಲ್ಲಾಂದ್ರೆ ದಿನಾ ರಾತ್ರಿ ಅದು ಪಕ್ಕದ ಗಿಡಕ್ಕೆ ಹಂಚ್ತಾನೇ ಇರ್ತದೆ. ನನಗೆ ಮೊದಲನೇ ವರ್ಷ ಆಗಿದ್ದು ಅದೇ, ಟಾನಿಕ್ ಹೊಡ್ದು ರೋಗದ ಗಿಡ ಸಾಕಿದೆ. ಉಳಿದ ಗಿಡಕ್ಕೆ ಮೆಟಲಾಕ್ಸಿಲ್ ಮ್ಯಾಂಕೋಜೆಬ್ ಎರಡೂ ಸೇರಿರೋ ಪುಡಿ ಲೀಟರಿಗೆ 2 ಗ್ರಾಂ, ಅಂದ್ರೆ 16 ಲೀಟರ್ ಟ್ಯಾಂಕಿಗೆ 32 ಗ್ರಾಂ, ಗಿಡ ತಿಂಗಳು ತುಂಬೋದ್ರೊಳಗೆ ಹೊಡೀಬೇಕು. ಎಳೇ ಗಿಡಕ್ಕೇ ಇದರ ಕಾಟ, ಒಂದೂವರೆ ತಿಂಗಳು ದಾಟಿದ ಗಿಡಕ್ಕೆ ಹೊಸದಾಗಿ ತಗಲೋದು ಕಮ್ಮಿ.

ಆದ್ರೆ ನಿಜವಾದ ಕೆಲ್ಸ ಇರೋದು ಬಿತ್ತೋಕೆ ಮುಂಚೆ. ಬೀಜಕ್ಕೆ ಮೆಟಲಾಕ್ಸಿಲ್ 35 ಪುಡಿ ಕೆಜಿಗೆ ಆರೇಳು ಗ್ರಾಂ ಹಚ್ಚಿ ಬಿತ್ತಿದ್ರೆ ಮೊದಲ ಮೂರ್ನಾಲ್ಕು ವಾರ, ಗಿಡ ಸೂಕ್ಷ್ಮ ಇರೋ ಹೊತ್ತು, ಕಾಯ್ತದೆ. ಕಂಪನಿ ಬೀಜ ಗುಲಾಬಿ ಬಣ್ಣ ಹಚ್ಕೊಂಡೇ ಬರ್ತದಲ್ಲ ಅಂತ ನಾನೂ ಅನ್ಕೊಂಡಿದ್ದೆ. ಆ ಬಣ್ಣದಲ್ಲಿ ಏನೈತೆ ಅನ್ನೋದನ್ನ ಚೀಲದ ಮೇಲೆ ಸಣ್ಣಕ್ಷರದಲ್ಲಿ ಬರ್ದಿರ್ತಾರೆ, ಎಷ್ಟೋ ಸಲ ಅದು ಬೇರೆ ಶಿಲೀಂಧ್ರನಾಶಕ, ಇಲ್ಲ ಬರೀ ಹುಳದ ಔಷಧಿ. ಓದಿ ನೋಡಿ ಸ್ವಲ್ಪ. ಇನ್ನೊಂದು, ಇದೇ ರೋಗ ಬಿಳಿಜೋಳಕ್ಕೂ ಬರ್ತದೆ, ಜೋಳದಲ್ಲಿ ಕೇದಿಗೆ ಬಂದಿದ್ದ ಹೊಲದ ಮಣ್ಣಲ್ಲಿ ಅದರ ಬೀಜಕಣ ವರ್ಷಗಟ್ಲೆ ಉಳ್ಕೊಳ್ತವೆ, ಅಲ್ಲಿಗೇ ಮೆಕ್ಕೆಜೋಳ ಹಾಕೋದು ಅಂದ್ರೆ ರೋಗನ ಕರ್ದು ಕೂರಿಸಿದಂಗೆ. ಮಂಡ್ಯದಿಂದ ಬಂದ ಹೇಮಾ, ನಿತ್ಯಶ್ರೀ ಥರ ರೋಗ ತಡ್ಕೊಳೋ ತಳಿಗಳವೆ, ಆದ್ರೆ ನಮ್ಮೂರಲ್ಲಿ ಯಾರ ಹೊಲದಲ್ಲಿ ತೆನೆ ದಪ್ಪ ಕಂಡ್ತೋ ಅದೇ ಬೀಜ ಮುಂದಿನ ವರ್ಷ ಇಡೀ ಊರು ಹಾಕ್ತದೆ, ಅದಕ್ಕೆ ರೋಗ ಹತ್ತಿದ್ರೆ ಎಲ್ರ ಹೊಲಕ್ಕೂ ಒಟ್ಟಿಗೇ ಹತ್ತದೆ. ಅಮೆರಿಕದಲ್ಲಿ 1970ರಲ್ಲಿ ಹಿಂಗೇ ಆಗಿತ್ತು, ಹೈಬ್ರಿಡ್ ಹೆಸರು ನೂರಾರು ಇದ್ರೂ ಬಹುಪಾಲಿನ ತಾಯಿ ಕಡೆ ಮೂಲ ಒಂದೇ, ಮೇಡಿಸ್ ಅನ್ನೋ ಎಲೆ ಅಂಗಮಾರಿ (ಮಚ್ಚೆ ಬಿದ್ದು ಎಲೆ ಒಣಗೋ ರೋಗ) ಬಂದು ಇಡೀ ದೇಶದ ಬೆಳೆಯಲ್ಲಿ ಸುಮಾರು ನೂರಕ್ಕೆ ಹದಿನೈದು ಭಾಗ ಹೊಡ್ಕೊಂಡು ಹೋಯ್ತು.

ಅಂಗಮಾರಿ ಅಂದ್ನಲ್ಲ, ನಮ್ಮ ಕಡೆ ಜಾಸ್ತಿ ಬರೋದು ಟರ್ಸಿಕಂ ಅನ್ನೋದು. ಆಶ್ಲೇಷ ಮಳೆ ಜಿಟಿಜಿಟಿ ಹಿಡ್ಕೊಂಡು, ನಾಲ್ಕು ದಿನ ಬಿಸಿಲು ಕಾಣ್ದೆ, ಹವಾ ತಣ್ಣಗಿದ್ರೆ ಕೆಳಗಿನ ಎಲೆಯಿಂದ ಶುರು ಆಗ್ತದೆ. ಗುರುತು ಹಿಡಿಯೋದು ಸುಲಭ, ದೋಣಿ ಆಕಾರದ ಉದ್ದನೆ ಮಚ್ಚೆ, ಮೊದ್ಲು ಬೂದಿ ಹಸಿರು, ಆಮೇಲೆ ಒಣಹುಲ್ಲಿನ ಬಣ್ಣ, ಒಂದೊಂದು ಗೇಣುದ್ದ ಹತ್ರ ಹತ್ರ. ಮೇಡಿಸ್ ಮಚ್ಚೆ ಅದಕ್ಕಿಂತ ಚಿಕ್ಕದು, ಎಲೆ ನರಗಳ ಮಧ್ಯೆ ಇಟ್ಟಿಗೆ ಜೋಡ್ಸಿದಂಗೆ, ಹವಾ ಬೆಚ್ಚಗಿದ್ದಾಗ ಬರೋದು. ಎರಡಕ್ಕೂ ಮ್ಯಾಂಕೋಜೆಬ್ ಲೀಟರಿಗೆ 2.5 ಗ್ರಾಂ, ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದ್ಸಲ. ಇಲ್ಲಿ ನಾವು ಮಾಡೋ ಎಡವಟ್ಟು ಅಂದ್ರೆ ಎಕರೆಗೆ ಐದಾರು ಟ್ಯಾಂಕಲ್ಲಿ ಮುಗಿಸಿಬಿಡೋದು. ಮ್ಯಾಂಕೋಜೆಬ್ ಗಿಡದೊಳಗೆ ಹೋಗೋ ಔಷಧಿ ಅಲ್ಲ, ಎಲೆ ಮೇಲೆ ಎಲ್ಲಿ ಬೀಳ್ತದೋ ಅಲ್ಲಿ ಮಾತ್ರ ಕಾಯ್ತದೆ, ಎದೆ ಎತ್ತರ ಬೆಳೆದ ಮೆಕ್ಕೆಜೋಳಕ್ಕೆ ಐದು ಟ್ಯಾಂಕ್ ಎಲ್ಲಿ ಸಾಲ್ತದೆ? ತೆನೆ ಹುಟ್ಟೋ ಎಲೆ ಮತ್ತೆ ಅದರ ಮೇಲಿನ ನಾಲ್ಕೈದು ಎಲೆನೇ ಕಾಳು ತುಂಬ್ಸೋದು, ಅವು ಉಳಿದ್ರೆ ಇಳುವರಿ ಉಳೀತದೆ. ಸೂಲಂಗಿ ಬರೋ ಮುಂಚೆ ಕೆಳಗೆ ಮಚ್ಚೆ ಕಂಡ್ರೆ ತಡ ಮಾಡಬಾರ್ದು, ಕಾಳು ಗಟ್ಟಿ ಆದ ಮೇಲೆ ಕಂಡ್ರೆ ಆ ದುಡ್ಡು ಜೇಬಲ್ಲೇ ಇರ್ಲಿ.

ತುಕ್ಕು ರೋಗದ ಬಗ್ಗೆ ಜಾಸ್ತಿ ಹೇಳೋದಿಲ್ಲ, ಎಲೆ ಸವರಿದ್ರೆ ಕೈಗೆ ಕಂದು ಪುಡಿ ಹತ್ತಿದ್ರೆ ಅದೇ, ಅದಕ್ಕೂ ಮ್ಯಾಂಕೋಜೆಬ್ಬೇ.

ಇನ್ನು ಹೊಟ್ಟೆ ಉರಿಸೋದು ದಂಟು ಕೊಳೆ. ಎಲ್ಲ ಚೆನ್ನಾಗಿತ್ತು, ತೆನೆನೂ ಬಂದಿತ್ತು, ಒಂದು ವಾರದಲ್ಲಿ ಗಿಡ ಒಣಗಿ ಮಕಾಡೆ ಬಿತ್ತು ಅಂತ ಊರಲ್ಲಿ ಹೇಳ್ತಾರಲ್ಲ, ಅದು. ಬುಡದ ಗೆಣ್ಣನ್ನ ಎರಡು ಬೆರಳಲ್ಲಿ ಹಿಚುಕಿ, ಮೆತ್ತಗಿದ್ರೆ ದಂಟು ಸೀಳಿ ನೋಡಿ. ಒಳಗೆ ತಿರುಳೆಲ್ಲ ಹೋಗಿ ನಾರು ಮಾತ್ರ ಉಳಿದು, ಅದಕ್ಕೆ ಮೆಣಸಿನ ಪುಡಿ ಹಚ್ಚಿದಂಗೆ ಕಪ್ಪು ಚುಕ್ಕೆ ಇದ್ರೆ ಇದ್ದಿಲು ಕೊಳೆ (ಕರಿಮೆಣಸು ಮತ್ತೆ, ಬ್ಯಾಡಗಿ ಅಲ್ಲ). ಹೂ ಬಿಡೋ ಹೊತ್ತಲ್ಲಿ ಮಳೆ ಕೈಕೊಟ್ಟು ಭೂಮಿ ಕಾದಾಗ ಬರ್ತದೆ ಅದು. ಆ ಹಂತದಲ್ಲಿ ಹೊಡೆಯೋ ಔಷಧಿ ಯಾವುದೂ ಇಲ್ಲ. ಬೋರ್ ಇದ್ರೆ ಹೂವಿನ ಟೈಮಲ್ಲಿ ಒಂದು ನೀರು ಕೊಡಿ, ಬಿತ್ತೋವಾಗ ಪೊಟ್ಯಾಷ್ ಬಿಡಬೇಡಿ. ನಾವು ಡಿಎಪಿ, ಯೂರಿಯಾ ಅಂದ್ರೆ ಕ್ಯೂ ನಿಲ್ತೀವಿ, ಪೊಟ್ಯಾಷ್ ಮಾತ್ರ ಯಾವನಿಗೂ ನೆನಪಾಗಲ್ಲ. ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮ (ರೋಗದ ಬೂಜನ್ನ ತಡೆಯೋ ಒಳ್ಳೇ ಬೂಜು) ಕಲಸಿ ನೆರಳಲ್ಲಿಟ್ಟು ಹಾಕೋದು ನಾನೂ ಶುರು ಮಾಡೀನಿ. ಅದೇ ದಂಟು ಕೊಳೆತು ಗಬ್ಬು ನಾತ ಬಂದು, ಸುಳಿ ಹಿಡಿದು ಎಳೆದ್ರೆ ಕೈಗೇ ಬಂತು ಅಂದ್ರೆ ಅದು ಬ್ಯಾಕ್ಟೀರಿಯಾದ್ದು, ನೀರು ನಿಲ್ಲೋ ಹೊಲದ ರೋಗ. ಮೊದ್ಲು ಕಾಲುವೆ ತೆಗ್ದು ನೀರು ಹೊರಗೆ ಹಾಕಿ.

ಒಂದು ವಿಷ್ಯ ಬಿಟ್ಟಿದ್ದೆ. 2018ರಲ್ಲಿ ಶಿವಮೊಗ್ಗದಲ್ಲಿ ದೇಶಕ್ಕೇ ಮೊದಲ ಸಲ ಕಂಡ ಆ ಸೈನಿಕ ಹುಳು ಬಂದಾಗಿಂದ ಎಲೆ ಸ್ವಲ್ಪ ಕೆಟ್ರೂ ಸಾಕು ಎಲ್ರೂ ಎಮಾಮೆಕ್ಟಿನ್ ಹಿಡ್ಕೊಂಡು ಓಡ್ತಾರೆ. ಅದು ಹುಳಕ್ಕೆ. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ, ಎಲೆಯಲ್ಲಿ ತೂತು ಇದ್ರೆ ಹುಳು, ತೂತಿಲ್ದೆ ಮಚ್ಚೆ ಇದ್ರೆ ರೋಗ. ರೋಗಕ್ಕೆ ಹುಳದ ಔಷಧಿ ಹೊಡ್ದು ಹದಿನೈದು ದಿನ ಕಾಯ್ತಾ ಕೂತ ನಮ್ಮ ಮಾವನ ಕಥೆ ಇನ್ನೊಂದ್ಸಲ ಬರೀತೀನಿ.

ಗುರುತು ಸಿಗಲಿಲ್ಲ ಅಂದ್ರೆ ಫೋಟೋ ಬೇಡ, ಗಿಡನ ಬೇರು ಸಮೇತ ಕಿತ್ತು ಒದ್ದೆ ಪೇಪರಲ್ಲಿ ಸುತ್ಕೊಂಡು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ನಿಮ್ಮ ಹೋಬಳಿ ರೈತ ಸಂಪರ್ಕ ಕೇಂದ್ರಕ್ಕೋ ತಗೊಂಡು ಹೋಗಿ. ಈ ವರ್ಷ ನಾನು ಬೀಜಕ್ಕೆ ಔಷಧಿ ಹಚ್ಚಿ, ಆರು ಸಾಲಿಗೊಂದು ಸಾಲು ತೊಗರಿ ಹಾಕಿ, ಹದಿನೈದನೇ ದಿನದಿಂದ ದಿನಾ ಬೆಳಗ್ಗೆ ಆರಕ್ಕೆ ಹೊಲ ಸುತ್ತಿದೆ. ನಾಲ್ಕು ಎಕರೆಯಲ್ಲಿ ಇಲ್ಲಿವರ್ಗೂ ಕಿತ್ತಿದ್ದು 23 ಗಿಡ. ಅವ್ವ ಎಣಿಸಿ ಎಣಿಸಿ ಒಲೆಗೆ ಹಾಕ್ತಾಳೆ, ಇದಾದ್ರೂ ಕೇದಿಗೆನೇನೋ ಅಂತ ಕೇಳ್ಕೊಂಡು.