ದುಡ್ಡಿಲ್ವಾ ಅಂತ ಕೇಳಬೇಡಿ

"ಹೊಸದು ತಗೊಳ್ಳೋಕೆ ದುಡ್ಡಿಲ್ವೇನೇ?" ನನ್ನ ಸ್ವೆಟರಿನ ಮೊಣಕೈ ಮೇಲಿನ ರಫೂ ನೋಡಿದವರೆಲ್ಲ ಕೇಳುವುದು ಇದನ್ನೇ. ದುಡ್ಡಿದೆ. ಹರಿದದ್ದನ್ನು ಕೈಯಲ್ಲಿ ಹೊಲಿದು ಹಾಕಿಕೊಳ್ಳುವುದು ನನಗಿಷ್ಟ. ಇಷ್ಟಕ್ಕೆ ಮಾತು ಮುಗಿಯಬೇಕು, ಮುಗಿಯುವುದಿಲ್ಲ.

ಒಂದು ಗೃಹಪ್ರವೇಶದ ಊಟ. ಪಕ್ಕದ ಎಲೆಗೆ ಕೂತಿದ್ದ ದೊಡ್ಡಮ್ಮ ನನ್ನ ಮೊಣಕೈ ಹಿಡಿದು ತಿರುಗಿಸಿ, "ಯುದ್ಧಗಿದ್ಧ ಶುರುವಾಯ್ತಾ ಮಗಳೇ?" ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನಗೆ ಕೋಸಂಬರಿ ಗಂಟಲಲ್ಲಿ ಇಳಿಯಲಿಲ್ಲ.

ಸರಿ, ಯುದ್ಧದ ಮಾತೇ ಆಡೋಣ. ಬ್ರಿಟನ್ನಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ರೇಷನ್ ಬಂತು. ಮೊದಲ ವರ್ಷ ತಲೆಗೆ 66 ಕೂಪನ್. ಗಂಡಸರ ಒಂದು ಸೂಟಿಗೇ 26 ಖರ್ಚು: ಕೋಟ್‌ಗೆ 13, ಪ್ಯಾಂಟಿಗೆ 8, ವೇಸ್ಟ್‌ಕೋಟಿಗೆ 5. ಬೆಲೆ ಬೇರೆ ಕೊಡಬೇಕು. ನೂಲು, ಗಿರಣಿ, ಆಳು ಎಲ್ಲವೂ ಯುದ್ಧದ ಕೆಲಸಕ್ಕೆ ಹೋಗಿದ್ದವು. ಕೂಪನ್ ತೀರಿದರೆ ಜೇಬು ತುಂಬಿದ್ದವರಿಗೂ ಹೊಸ ಕೋಟ್ ಇಲ್ಲ. 1943ರಲ್ಲಿ ಸರ್ಕಾರವೇ 'ಮೇಕ್ ಡು ಅಂಡ್ ಮೆಂಡ್' ಎಂಬ ಕೈಪಿಡಿ ಹೊರತಂದಿತು. ಇದ್ದುದರಲ್ಲೇ ಸುಧಾರಿಸಿ, ಹರಿದರೆ ಹೊಲಿಯಿರಿ ಅಂತ. ಬೀರು ತುಂಬ ಒಳ್ಳೆ ಉಣ್ಣೆ ಇದ್ದವರಿಗೆ ಅದು ಹೊಸ ಪಾಠ. ಎರಡೇ ಜೊತೆ ಇದ್ದವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ, ಅವಳು ಹೊಲಿದದ್ದನ್ನೇ ಮತ್ತೆ ಹೊಲಿಯುತ್ತಿದ್ದಳು. ಯುದ್ಧ ಮುಗಿದರೂ 1949ರ ಮಾರ್ಚ್‌ವರೆಗೆ ರೇಷನ್ ಹೋಗಲಿಲ್ಲ.

ಆ ಎರಡೇ ಜೊತೆಯವಳನ್ನು ನೆನೆದರೆ ನನಗೆ ಉಳಿತಾಯದ ಲೆಕ್ಕ ಮರೆತುಹೋಗುತ್ತದೆ. ಅವಳ ಹೊಲಿಗೆ ಹೇಗಿತ್ತು ಅನ್ನುವುದೇ ಮುಂದೆ ಬಂದು ನಿಲ್ಲುತ್ತದೆ. ನನ್ನನ್ನೂ ಯಾರಾದರೂ ಅದನ್ನೇ ಕೇಳಬಾರದೇ? "ಹೇಗೆ ಹೊಲಿದೆ?"

ತೂತಿನ ಕೆಳಗೆ ಒಂದು ಸಣ್ಣ ಬಟ್ಟಲು ಬೋರಲು ಇಟ್ಟುಕೊಳ್ಳುತ್ತೇನೆ. ಶುರು ಮಾಡುವುದು ತೂತಿನಿಂದಲ್ಲ, ಬೆರಳಗಲ ಆಚೆ, ಗಟ್ಟಿ ಬಟ್ಟೆಯಿಂದ. ಮೊದಲು ಹಾಸು, ಅಂದರೆ ಉದ್ದದ ಎಳೆಗಳು, ಎಳೆ ಪಕ್ಕ ಎಳೆ. ಪ್ರತಿ ತಿರುವಿನಲ್ಲೂ ಚೂರು ಸಡಿಲ ಬಿಡಬೇಕು; ಹೊಸ ಉಣ್ಣೆ ಒಗೆದಾಗ ಕುಗ್ಗುತ್ತದೆ, ಎಳೆದು ಕಟ್ಟಿದರೆ ಸುತ್ತಲ ಬಟ್ಟೆ ಮುದುಡುತ್ತದೆ. ಆಮೇಲೆ ಹೊಕ್ಕು, ಅಡ್ಡ ಎಳೆ: ಒಂದೆಳೆಯ ಮೇಲೆ, ಒಂದೆಳೆಯ ಕೆಳಗೆ, ಮುಂದಿನ ಸಾಲಿಗೆ ತಿರುವುಮುರುವು. ಅಂದರೆ ಖಾಲಿ ಜಾಗದಲ್ಲಿ ಬಟ್ಟೆ ನೇಯ್ದ ಹಾಗೆ.

ಶಿಲ್ಪಿ ಲೂಯಿಸ್ ಬೂರ್ಜ್ವಾಳ ತಂದೆತಾಯಿ ಫ್ರಾನ್ಸಿನಲ್ಲಿ ಹಳೆಯ ಚಿತ್ರವಸ್ತ್ರಗಳನ್ನು, ಅಂದರೆ ಚಿತ್ರ ನೇಯ್ದು ಗೋಡೆಗೆ ತೂಗುವ ಬಟ್ಟೆಗಳನ್ನು, ದುರಸ್ತಿ ಮಾಡುತ್ತಿದ್ದರು. ಕೆಳಅಂಚು ಸವೆದು ಚಿತ್ರದ ಜನರ ಪಾದಗಳೇ ಮಾಯವಾಗಿರುತ್ತಿದ್ದವು. ಹುಡುಗಿ ಲೂಯಿಸ್ ಆ ಪಾದಗಳನ್ನು ಬರೆದುಕೊಡುತ್ತಿದ್ದಳು. ಇಳಿವಯಸ್ಸಿನಲ್ಲಿ ತನ್ನ ಹಳೆ ಬಟ್ಟೆಗಳನ್ನೇ ಹೊಲಿದು ಶಿಲ್ಪ ಮಾಡಿದಳು. 1999ರಲ್ಲಿ ಅಮ್ಮನ ನೆನಪಿಗೆ ಮೂವತ್ತಡಿ ಎತ್ತರದ ಜೇಡವನ್ನು ನಿಲ್ಲಿಸಿದಳು, ಬಲೆ ಹರಿದರೆ ಮತ್ತೆ ನೇಯುವ ಜೇಡ. ನನಗೆ ಅದಕ್ಕಿಂತ ದೊಡ್ಡ ತಾಯಿಚಿತ್ರ ಗೊತ್ತಿಲ್ಲ.

ನನ್ನ ಸ್ವೆಟರ್ ಬೂದಿ ಬಣ್ಣದ್ದು, ರಫೂ ಅರಿಸಿನ ಬಣ್ಣದ್ದು. ಕಾಣಲಿ ಅಂತಲೇ ಆ ಎಳೆ ಆರಿಸಿದೆ. ಅವತ್ತು ದೊಡ್ಡಮ್ಮನ ಹೆಬ್ಬೆರಳು ಸರಿಯಾಗಿ ಅದರ ಮೇಲೇ ಇತ್ತು. ಒಂದು ಸಲ ಸವರಿದ್ದರೆ ಹಾಸು ಯಾವುದು, ಹೊಕ್ಕು ಯಾವುದು ಅಂತ ಕೈಗೇ ತಿಳಿಯುತ್ತಿತ್ತು.